ಯಾವ ಮೈಗೆ ಯಾವ ಕೈ?

ಕಡಲೆಕಾಯಿ ಕೀಳುವ ಕೆಲಸ ಮುಗಿಯುತ್ತಿದ್ದಂತೆ ಕೊರಟಗೆರೆ ತಾಲ್ಲೂಕಿನ ಕೊಳಾಲದ ಸುತ್ತಿನ ಹಳ್ಳಿಗಳಲ್ಲಿ ಮೈಕೈ ನೋವಿನ ಮಾತು ಶುರುವಾಗುತ್ತದೆ. ದಿನವಿಡೀ ಬಾಗಿ ಗಿಡ ಕಿತ್ತವರಿಗೆ ಸೊಂಟ, ಮೂಟೆ ಹೊತ್ತವರಿಗೆ ಹೆಗಲು, ಕುಕ್ಕರುಗಾಲಲ್ಲಿ ಕೂತು ಕಾಯಿ ಬಿಡಿಸಿದವರಿಗೆ ಮಂಡಿ. 'ಯಾರಾದರೂ ಚೆನ್ನಾಗಿ ಎಣ್ಣೆ ಹಾಕಿ ತಿಕ್ಕಿದ್ರೆ ಸರಿಹೋಗ್ತದೆ' ಎಂಬುದು ಆಗ ಎಲ್ಲರ ಬಾಯಲ್ಲೂ ಬರುವ ಪರಿಹಾರ. ಪರಿಹಾರವೇನೋ ಹಳೆಯದು, ಬಹುಮಟ್ಟಿಗೆ ಒಳ್ಳೆಯದೂ ಹೌದು. ತೊಡಕಿರುವುದು ಆ 'ಯಾರಾದರೂ' ಎಂಬ ಪದದಲ್ಲಿ.

ಏಕೆಂದರೆ ಮೈ ತಿಕ್ಕುವ ಕೈಗಳು ನಮ್ಮಲ್ಲಿ ಹಲವು ಬಗೆ. ಹಬ್ಬದ ದಿನ ಎಣ್ಣೆ ಒತ್ತುವ ಮನೆಯ ಹಿರಿಯಳ ಕೈ ಒಂದು. ಗರಡಿಯಲ್ಲಿ ಪೈಲ್ವಾನನ ತೊಡೆಯನ್ನು ಹದ ಮಾಡುವ ಉಸ್ತಾದನ ಕೈ ಇನ್ನೊಂದು. ಬಾಣಂತಿಗೂ ಕೂಸಿಗೂ ನೀರು ಹಾಕುವ ಸೂಲಗಿತ್ತಿಯ ಕೈ ಮತ್ತೊಂದು. ಉಳುಕು ತೆಗೆಯುವ, ನರ ಹಿಡಿಯುವ ನಾಟಿ ವೈದ್ಯನ ಕೈ ಬೇರೆ. ಕ್ಷೌರದಂಗಡಿಯಲ್ಲಿ ತಲೆ ತಟ್ಟಿ ಕತ್ತು ತಿರುಗಿಸುವ ಕೈಯೂ ಬೇರೆ. ಈಚಿನ ವರ್ಷಗಳಲ್ಲಿ ಪಟ್ಟಣದ ಫಿಸಿಯೋಥೆರಪಿಸ್ಟರೂ, ಬೆಂಗಳೂರಿನ ಸ್ಪಾಗಳೂ ಈ ಸಾಲಿಗೆ ಬಂದಿವೆ. ಇವೆಲ್ಲಕ್ಕೂ ನಾವು ಇಟ್ಟಿರುವ ಹೆಸರು ಮಾತ್ರ ಒಂದೇ: ಮಾಲೀಷು. ಹೆಸರು ಒಂದೇ ಆದದ್ದರಿಂದ ಕೆಲಸವೂ ಒಂದೇ ಎಂದು ತಿಳಿದು, ಒಬ್ಬರ ಹತ್ತಿರ ಹೋಗಬೇಕಾದವರು ಇನ್ನೊಬ್ಬರ ಹತ್ತಿರ ಹೋಗುತ್ತಾರೆ. ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವಕ್ಕೆ ಇದೇ ಮೂಲ.

ಈ ಪದವೂ ನಮ್ಮದಲ್ಲ. ಉಜ್ಜು ಎಂಬ ಅರ್ಥದ ಪಾರಸಿ ಧಾತುವಿನಿಂದ ಬಂದದ್ದು. ಶಿರಾ ಪಟ್ಟಣ 1687ರಿಂದ ಸುಮಾರು 70 ವರ್ಷ ಮೊಗಲರ ಸುಬಾದ ಕೇಂದ್ರವಾಗಿದ್ದ ಸೀಮೆ ನಮ್ಮದು. ಕಚೇರಿಯ ಮಾತಿನಿಂದ ಹಿಡಿದು ಕುಸ್ತಿಯ ಅಖಾಡದವರೆಗೆ ಪಾರಸಿ, ಉರ್ದು ಪದಗಳು ಇಲ್ಲಿನ ಕನ್ನಡದಲ್ಲಿ ಸಲೀಸಾಗಿ ಬೆರೆತಿವೆ. ಆದರೆ ಮಾಲೀಷು ಬರುವ ಮೊದಲು ಕನ್ನಡಕ್ಕೆ ಪದಗಳ ಕೊರತೆ ಇತ್ತೆಂದಲ್ಲ. ಸವರು, ನೀವು, ತಿಕ್ಕು, ಉಜ್ಜು, ಒತ್ತು, ಅದುಮು, ಹಿಸುಕು, ತಟ್ಟು, ಗುದ್ದು, ಎಳೆ. ಒಂದೊಂದೂ ಬೇರೆ ಬೇರೆ ಕ್ರಿಯೆ. ಕೂಸಿನ ಬೆನ್ನನ್ನು ನೀವುತ್ತೇವೆ, ಗುದ್ದುವುದಿಲ್ಲ. ಅಜ್ಜನ ಕಾಲನ್ನು ಒತ್ತುತ್ತೇವೆ, ಉಜ್ಜುವುದಿಲ್ಲ. ಹತ್ತು ಕ್ರಿಯಾಪದಗಳಿದ್ದ ಕಡೆ ಒಂದು ನಾಮಪದ ಬಂದು ಕೂತಿತು ಎನ್ನಬೇಕು. ತನಗೆ ಬೇಕಾದ ಮಾಲೀಷು ಯಾವುದು ಎಂದು ತಿಳಿಯಬಯಸುವವರು ಆ ಹಳೆಯ ಹತ್ತು ಪದಗಳನ್ನು ನೆನಪಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಎಣ್ಣೆನೀರಿನ ಲೆಕ್ಕ

ಎಲ್ಲಕ್ಕಿಂತ ಸೌಮ್ಯವಾದದ್ದು, ಎಲ್ಲರಿಗೂ ಎಟುಕುವಂಥದ್ದು ಅಭ್ಯಂಜನ. ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೆಯ ದಿನ ನಸುಕಿನಲ್ಲಿ, ಯುಗಾದಿಯ ಬೆಳಗ್ಗೆ ಇದು ಶಾಸ್ತ್ರ. ಉಳಿದಂತೆ ಗಂಡಸರಿಗೆ ಶನಿವಾರ, ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಂಬುದು ಹಳೆಯ ರೂಢಿ. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಬೇಕಾದ ಸಾಮಗ್ರಿಯೆಲ್ಲಾ ಹೊಲದ ಬದುವಿನಲ್ಲೇ ಸಿಗುತ್ತಿತ್ತು. ಬದುವಿನ ಹರಳುಗಿಡದ ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ ಮೇಲೆ ತೇಲಿದ ಎಣ್ಣೆಯನ್ನು ತೆಗೆದರೆ ತಲೆಗೆ ಆಯಿತು. ಮೈಗೆ ಗಾಣದ ಎಳ್ಳೆಣ್ಣೆ. ಜಿಡ್ಡು ತೆಗೆಯಲು ಸೀಗೆಕಾಯಿ, ಚುಜ್ಜಲು ಸೊಪ್ಪಿನ ಪುಡಿ ಅಥವಾ ಕಡಲೆಹಿಟ್ಟು. ಹಂಡೆಯ ತುಂಬ ಬಿಸಿನೀರು.

ಇದನ್ನು ಬರಿಯ ಆಚಾರವೆಂದು ತಿಳಿದವರು ಆಯುರ್ವೇದದ ಹಳೆಯ ಗ್ರಂಥಗಳನ್ನು ನೋಡಬೇಕು. ಎಣ್ಣೆ ಉಂಡ ಮಡಕೆ, ಎಣ್ಣೆ ಉಂಡ ತೊಗಲು, ಎಣ್ಣೆ ಉಂಡ ಗಾಡಿಯ ಅಚ್ಚು ಹೇಗೆ ಬಾಳಿಕೆ ಬರುತ್ತವೋ ಹಾಗೆ ಎಣ್ಣೆ ಉಂಡ ಮೈ ಎಂಬ ಹೋಲಿಕೆ ಚರಕ ಸಂಹಿತೆಯಲ್ಲಿದೆ. ಎತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾಗ್ಭಟನ ಅಷ್ಟಾಂಗಹೃದಯ ಅಭ್ಯಂಗವನ್ನು ದಿನಚರಿಯ ಭಾಗವಾಗಿಯೇ ಹೇಳುತ್ತದೆ. ತಲೆ, ಕಿವಿ ಮತ್ತು ಪಾದಗಳಿಗೆ ವಿಶೇಷ ಗಮನ ಕೊಡಿ ಎನ್ನುತ್ತದೆ. ಕುತೂಹಲದ ಸಂಗತಿಯೆಂದರೆ, ಯಾರು ಮಾಡಿಸಿಕೊಳ್ಳಬಾರದು ಎಂಬುದನ್ನೂ ಇವೇ ಗ್ರಂಥಗಳು ಅಷ್ಟೇ ಖಚಿತವಾಗಿ ಹೇಳಿವೆ. ಕಫ ಹೆಚ್ಚಿದವರು, ಅಜೀರ್ಣವಾದವರು, ವಾಂತಿ ಭೇದಿ ಮಾಡಿಸಿ ಶೋಧನೆಗೆ ಒಳಗಾದವರು ಬೇಡವೆಂದು ವಾಗ್ಭಟ. ಹೊಸ ಜ್ವರದಲ್ಲಿ ಬೇಡವೆಂದು ಸುಶ್ರುತ. ನಮ್ಮ ಮನೆಗಳಲ್ಲಿ ಎಣ್ಣೆ ಹಚ್ಚುವ ಭಾಗ ಉಳಿದು, ಹಚ್ಚಬಾರದ ಭಾಗ ಮರೆತುಹೋಗಿದೆ. ಜ್ವರ ಬಂದು ಮೈ ನೋಯುತ್ತಿದೆ ಎಂದವರಿಗೂ ಎಣ್ಣೆ ತಿಕ್ಕುವುದನ್ನು ಇವತ್ತಿಗೂ ಕಾಣಬಹುದು. ಜ್ವರದ ಮೈನೋವು ದುಡಿಮೆಯ ಮೈನೋವಿನಂತಲ್ಲ. ಡೆಂಗಿ, ಚಿಕೂನ್‌ಗುನ್ಯ ಓಡಾಡುವ ಕಾಲದಲ್ಲಂತೂ ಮೊದಲು ರಕ್ತ ಪರೀಕ್ಷೆ, ಆಮೇಲೆ ಎಣ್ಣೆಯ ಮಾತು.

ಅಭ್ಯಂಜನದಲ್ಲಿ ಮುಖ್ಯವಾದುದು ಸವರುವುದು ಮತ್ತು ನೀವುವುದು. ಬಲ ಕಡಿಮೆ, ಹೊತ್ತು ಹೆಚ್ಚು. ನಿದ್ದೆ ಸರಿಯಾಗಿ ಬಾರದವರಿಗೆ, ಚರ್ಮ ಒಡೆದವರಿಗೆ, ಮನಸ್ಸಿಗೆ ದಣಿವಾದವರಿಗೆ, ವಯಸ್ಸಾದವರಿಗೆ ಇದು ಹೇಳಿ ಮಾಡಿಸಿದ್ದು. ನಿಧಾನವಾದ, ಒಂದೇ ಲಯದ ಸ್ಪರ್ಶಕ್ಕೆ ನರಮಂಡಲ ಸಡಿಲಗೊಳ್ಳುತ್ತದೆ ಎಂಬುದನ್ನು ಇಂದಿನ ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದರೆ ಮೈಯೊಳಗಿನ ವಿಷವೆಲ್ಲಾ ಹೊರಗೆ ಬರುತ್ತದೆ, ಬೊಜ್ಜು ಕರಗುತ್ತದೆ ಎಂಬ ಜಾಹೀರಾತಿನ ಮಾತಿಗೆ ಆಧಾರವಿಲ್ಲ. ಬೊಜ್ಜಿನವರಿಗೆಂದೇ ಆಯುರ್ವೇದ ಹೇಳುವುದು ಎಣ್ಣೆಯನ್ನಲ್ಲ, ಒಣ ಪುಡಿಯಿಂದ ಉಜ್ಜುವ ಉದ್ವರ್ತನವನ್ನು. ಅದೂ ವ್ಯಾಯಾಮದ ಜೊತೆಗೆ.

ಅರಮನೆ ಮತ್ತು ಗರಡಿ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ' ಸಂಸ್ಕೃತದ್ದಾದರೂ ಕರ್ನಾಟಕದ ನೆಲದ ಪುಸ್ತಕ. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ರಾಜನ ಸ್ನಾನಭೋಗಕ್ಕೇ ಒಂದು ಸ್ಥಾನವಿದೆ. ಹೂವಿನ ವಾಸನೆ ಕಟ್ಟಿದ ಎಣ್ಣೆಯನ್ನು ತಿಕ್ಕಿಸಿಕೊಂಡು, ಪುಡಿಯಿಂದ ಜಿಡ್ಡು ತೆಗೆಸಿಕೊಂಡು ದೊರೆ ಮೀಯುವ ಕ್ರಮ ಅಲ್ಲಿ ಬರುತ್ತದೆ. ಬೇರೊಂದು ಕಡೆ ಮಲ್ಲರ ವಿಷಯ ಬರುತ್ತದೆ: ಅವರ ವರ್ಗಗಳು, ಊಟ, ಅಭ್ಯಾಸ. ಒಂದೇ ಗ್ರಂಥದಲ್ಲಿ ಎರಡು ಬೇರೆ ಅಧ್ಯಾಯಗಳು. ದೊರೆಯ ಸುಖಕ್ಕೆ ತಿಕ್ಕುವುದು ಬೇರೆ, ಮಲ್ಲನ ಮೈ ಕಟ್ಟುವುದು ಬೇರೆ ಎಂಬ ವಿವೇಕ 900 ವರ್ಷಗಳ ಹಿಂದೆಯೇ ಇತ್ತೆಂದಾಯಿತು.

ಮೈಸೂರಿನ ಜಟ್ಟಿಗಳ ಹೆಸರನ್ನು ಇಲ್ಲಿ ಹೇಳಲೇಬೇಕು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಿಂದ ಇವರು ಹೆಸರಾದವರು. ತಲೆ ಬೋಳಿಸಿಕೊಂಡ ಇಬ್ಬರು ಜಟ್ಟಿಗಳು ಕೈಯಲ್ಲಿ ವಜ್ರನಖ ಹಿಡಿದು ಎದುರಾಗುತ್ತಾರೆ. ಒಂದು ಹನಿ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಇದೇ ಸಮುದಾಯ ಮೈ ತಿಕ್ಕಿ ನರನೋವು ಕಳೆಯುವುದಕ್ಕೂ, ಮೂಳೆ ಉಳುಕಿಗೆ ಕಟ್ಟು ಹಾಕುವುದಕ್ಕೂ ದಕ್ಷಿಣ ಭಾರತದಲ್ಲೆಲ್ಲಾ ಪ್ರಸಿದ್ಧವಾಗಿತ್ತು. ಕಾದಾಡುವವನಿಗೆ ಎಲ್ಲಿ ಹೊಡೆದರೆ ಏನಾಗುತ್ತದೆ ಎಂಬುದು ಗೊತ್ತಿರಬೇಕು. ಗೊತ್ತಿದ್ದವನೇ ಅದನ್ನು ಸರಿಪಡಿಸುವವನೂ ಆದದ್ದು ಸಹಜ.

ಗರಡಿಯ ಮಾಲೀಷು ಎಂದರೆ ಬಲದ ಕೆಲಸ. ಹಿಸುಕುವುದು, ಉಜ್ಜುವುದು, ಅಂಗೈಯ ಹಿಮ್ಮಡಿಯಿಂದ ಒತ್ತುವುದು, ಕೆಲವೊಮ್ಮೆ ಕಾಲಿನಿಂದ ತುಳಿಯುವುದು. ಸಾಮು ಮಾಡಿ ಬಿಗಿದ ಮಾಂಸಖಂಡಕ್ಕೆ ಅದು ಬೇಕು. ಹೊಲದಲ್ಲಿ ದುಡಿದ ಗಟ್ಟಿಮುಟ್ಟಾದ ಮೈಗೂ ಅದು ಹಿಡಿಸುತ್ತದೆ. ದುಡಿಮೆಯ ಮಾರನೆಯ ದಿನ, ಮೂರನೆಯ ದಿನ ಬರುವ ನೋವು ಮಾಂಸಖಂಡದೊಳಗಿನ ಸಣ್ಣ ಸಣ್ಣ ಸೀಳುಗಳಿಂದ ಬರುವಂಥದ್ದು. ತಿಕ್ಕುವುದರಿಂದ ಆ ಸೀಳುಗಳು ಕೂಡಲೇ ಮಾಯುವುದಿಲ್ಲ. ಆದರೆ ನೋವು, ಬಿಗಿತ ತಕ್ಕಮಟ್ಟಿಗೆ ಇಳಿಯುತ್ತದೆ. ಸೊಂಟನೋವಿಗೂ ಅಷ್ಟೆ. ಕೆಲವು ದಿನ, ಕೆಲವು ವಾರದ ಆರಾಮ ಸಿಗುತ್ತದೆ. ಆ ಆರಾಮದ ಅವಧಿಯಲ್ಲಿ ಸೊಂಟಕ್ಕೆ ಬಲ ಕೊಡುವ ವ್ಯಾಯಾಮ ಶುರು ಮಾಡಿದವರು ಗೆದ್ದರು. ಮಾಡದವರು ಮತ್ತೆ ಮಾಲೀಷಿನವನ ಬಾಗಿಲಿಗೆ ಬರುತ್ತಾರೆ.

ಈ ಬಲದ ಕೈ 70 ದಾಟಿದ ಅಜ್ಜಿಯ ಮೇಲೆ ಬಿದ್ದರೆ? ವಯಸ್ಸಾದ ಹೆಂಗಸರಲ್ಲಿ ಮೂಳೆ ಟೊಳ್ಳಾಗಿರುವುದು ಸಾಮಾನ್ಯ. ಬೆನ್ನ ಮೇಲೆ ಮೊಣಕೈಯಿಂದ ಅದುಮಿದರೆ ಪಕ್ಕೆಲುಬು ಬಿರುಕು ಬಿಡಬಹುದು. ಹೃದಯದ ತೊಂದರೆಗೆಂದು ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಒಳಗೊಳಗೇ ರಕ್ತ ಕಂದುಗಟ್ಟುತ್ತದೆ. ಹಳೆಯ ಸಕ್ಕರೆ ಕಾಯಿಲೆಯವರ ಪಾದ ಮರಗಟ್ಟಿರುತ್ತದೆ. ಎಷ್ಟು ಬಲ ಬೀಳುತ್ತಿದೆ, ಎಣ್ಣೆ ಎಷ್ಟು ಬಿಸಿ ಇದೆ ಎಂಬುದೇ ಅವರಿಗೆ ತಿಳಿಯುವುದಿಲ್ಲ. ಇಂಥವರಿಗೆ ನೀವುವ ಕೈ ಸಾಕು.

ಬಾಣಂತಿಯ ಕೋಣೆಯಲ್ಲಿ

ಸೂಲಗಿತ್ತಿ ಎಂಬ ಪದ ನಾಡಿಗೆಲ್ಲಾ ಮತ್ತೊಮ್ಮೆ ಪರಿಚಯವಾದದ್ದು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರಿಂದ. ಒಂದು ಕಾಸೂ ಪಡೆಯದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಈ ತಾಯಿಗೆ 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ದೊರೆಯ ಮೈಗೆ ಹಚ್ಚಿದ ಎಣ್ಣೆಯ ವಿವರ ಗ್ರಂಥಗಳಲ್ಲಿ ಉಳಿದಿದೆ. ಊರೂರಿನ ಬಾಣಂತಿಯರ ಬೆನ್ನು ನೀವಿದ ಹೆಂಗಸರ ಹೆಸರು ಎಲ್ಲೂ ದಾಖಲಾಗಿಲ್ಲ. ನರಸಮ್ಮನವರಿಗೆ ಬಂದ ಗೌರವ ಆ ಹೆಸರಿಲ್ಲದವರಿಗೂ ಸ್ವಲ್ಪ ಸಂದಿತು ಎಂದುಕೊಳ್ಳಬಹುದು.

ಹೆರಿಗೆ ಈಗ ಬಹುಪಾಲು ಆಸ್ಪತ್ರೆಗೆ ಹೋಗಿದೆ. ಆದರೆ ಎಣ್ಣೆನೀರು ಮನೆಯಲ್ಲೇ ಉಳಿದಿದೆ. ಉಳಿಯಬೇಕಾದದ್ದೇ. ಹೊತ್ತು, ಹೆತ್ತು ಸೊರಗಿದ ಬೆನ್ನಿಗೆ, ಸೊಂಟಕ್ಕೆ ಬೆಚ್ಚನೆಯ ಎಳ್ಳೆಣ್ಣೆಯೋ ವೈದ್ಯರು ಹೇಳಿದ ಧನ್ವಂತರಂ ತೈಲವೋ ಹಚ್ಚಿ ನೀವಿದರೆ ಆಗುವ ಹಿತ ಯಾವ ಮಾತ್ರೆಯಿಂದಲೂ ಬರುವುದಿಲ್ಲ. ಸಿಸೇರಿಯನ್ ಆಗಿದ್ದರೆ ಗಾಯ ಪೂರ್ತಿ ಮಾಯುವ ತನಕ ಹೊಟ್ಟೆಯ ತಂಟೆಗೆ ಹೋಗಬಾರದು ಎಂಬುದು ಈಗ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ, ಗೊತ್ತಿರಲೇಬೇಕಾದ ಇನ್ನೊಂದು ಮಾತಿದೆ.

ಹೆರಿಗೆಯಾದ ಮೇಲೆ ಸುಮಾರು 6 ವಾರ ತಾಯಿಯ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಹೆರಿಗೆಯ ರಕ್ತಸ್ರಾವದಿಂದ ಜೀವ ಉಳಿಸಲು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಆದರೆ ನಮ್ಮ ಪದ್ಧತಿಯ ಬಾಣಂತನದಲ್ಲಿ ತಾಯಿ ಕತ್ತಲೆ ಕೋಣೆಯಲ್ಲಿ ಮಲಗಿರುತ್ತಾಳೆ, ಓಡಾಟವಿಲ್ಲ; ನಂಜಾಗುತ್ತದೆಂದು ನೀರನ್ನೂ ಅಳೆದು ಕೊಡುತ್ತಾರೆ. ಎರಡೂ ಸೇರಿದಾಗ ಮೀನಖಂಡದ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕೂರುವ ಸಂಭವ ಏರುತ್ತದೆ. ಒಂದು ಕಾಲು ಮಾತ್ರ ಊದಿಕೊಳ್ಳುತ್ತದೆ, ಬಿಸಿಯಾಗಿರುತ್ತದೆ, ಮುಟ್ಟಿದರೆ ನೋವು. 'ವಾಯು ಹಿಡಿದಿದೆ, ಚೆನ್ನಾಗಿ ಉಜ್ಜು' ಎಂಬ ಸಲಹೆ ಬರುವುದು ಆಗಲೇ. ಉಜ್ಜಿದಾಗ ಹೆಪ್ಪು ಕಳಚಿಕೊಂಡು ರಕ್ತದಲ್ಲಿ ತೇಲಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು. ನಿಮಿಷಗಳಲ್ಲಿ ಜೀವ ಹೋಗಬಹುದಾದ ಸ್ಥಿತಿ ಅದು. ಒಂದೇ ಕಾಲು ಊದಿದ ಬಾಣಂತಿಯನ್ನು ಯಾರೂ ತಿಕ್ಕಕೂಡದು, ಆಸ್ಪತ್ರೆಗೆ ಕರೆದೊಯ್ಯಬೇಕು. ಶಸ್ತ್ರಚಿಕಿತ್ಸೆಯಾಗಿ ವಾರಗಟ್ಟಲೆ ಮಲಗಿದವರಿಗೂ, ಕಾಲು ಮುರಿದು ಕಟ್ಟು ಹಾಕಿಸಿಕೊಂಡವರಿಗೂ ಇದೇ ಮಾತು. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಕೂಸಿನ ವಿಷಯಕ್ಕೆ ಬಂದರೆ, ನಮ್ಮ ಅಜ್ಜಿಯರು ಮಾಡಿಕೊಂಡು ಬಂದದ್ದನ್ನು ಅಮೆರಿಕದವರು ಅಳೆದು ನೋಡಿದ್ದಾರೆ. ಮಯಾಮಿ ವಿಶ್ವವಿದ್ಯಾಲಯದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಮೈ ನೀವಿಸಿಕೊಂಡ ಅವಧಿಪೂರ್ವ ಶಿಶುಗಳು ನೀವಿಸಿಕೊಳ್ಳದ ಶಿಶುಗಳಿಗಿಂತ ಶೇಕಡ 47ರಷ್ಟು ಹೆಚ್ಚು ತೂಕ ಗಳಿಸಿ, 6 ದಿನ ಮೊದಲೇ ಆಸ್ಪತ್ರೆಯಿಂದ ಮನೆಗೆ ಹೋದವು. ಅಜ್ಜಿಯರು ಗೆದ್ದರು ಎಂದು ಬೀಗುವ ಮುನ್ನ ಅಜ್ಜಿಯರ ಪಟ್ಟಿಯ ಉಳಿದ ಬಾಬುಗಳನ್ನೂ ನೋಡಬೇಕು. ಮೂಗಿಗೂ ಕಿವಿಗೂ ಎಣ್ಣೆ ಬಿಡುವುದು, ಮೂಗು ನೀಳವಾಗಲೆಂದು ಹಿಂಡುವುದು, ಹುಟ್ಟಿದ ಕೂಸಿನ ಎದೆಯನ್ನು ಹಾಲು ತೆಗೆಯುತ್ತೇವೆಂದು ಒತ್ತುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗುವುದು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಒಂದು ಬಗೆಯ ನ್ಯುಮೋನಿಯ ತರುತ್ತದೆ. ಒತ್ತಿದ ಎದೆ ಕೀವು ತುಂಬುತ್ತದೆ. ಎದೆ ಸ್ವಲ್ಪ ಉಬ್ಬಿರುವುದು ತಾಯಿಯ ಹಾರ್ಮೋನಿನಿಂದ. ಸುಮ್ಮನೆ ಬಿಟ್ಟರೆ ವಾರಗಳಲ್ಲಿ ತಾನೇ ಇಳಿಯುತ್ತದೆ. ಕೂಸಿಗೆ ಕೊಬ್ಬರಿ ಎಣ್ಣೆ ಸಾಕು. ಸಾಸಿವೆ ಎಣ್ಣೆ ಎಳೆ ಚರ್ಮಕ್ಕೆ ಉರಿ.

ದರಪಟ್ಟಿಯ ಹೆಸರುಗಳು

ಕೆಲಸಕ್ಕೆಂದು ಬೆಂಗಳೂರು ಸೇರಿದ ನಮ್ಮ ಕಡೆಯ ಯುವಕರು ಈಗ ನೋಡುವುದು ಬೇರೆಯದೇ ಜಗತ್ತು. ದರಪಟ್ಟಿಯಲ್ಲಿ ಸ್ವೀಡಿಷ್, ಥಾಯ್, ಡೀಪ್ ಟಿಶ್ಯೂ, ಶಿಯಾಟ್ಸು, ಆಯುರ್ವೇದಿಕ್ ಎಂದು ಸಾಲಾಗಿ ಹೆಸರುಗಳು, ಪಕ್ಕದಲ್ಲಿ ನಾಲ್ಕಂಕಿಯ ದರ. ಕಂಪ್ಯೂಟರಿನ ಮುಂದೆ ಕೂತು ಕತ್ತು ಹಿಡಿದವನು ಯಾವುದನ್ನು ಆರಿಸಬೇಕು?

ಸ್ವೀಡಿಷ್ ಎಂಬ ಹೆಸರು ಸ್ಟಾಕ್‌ಹೋಮಿನಲ್ಲಿ 1813ರಲ್ಲಿ ವ್ಯಾಯಾಮ ಸಂಸ್ಥೆ ಕಟ್ಟಿದ ಪೆರ್ ಹೆನ್ರಿಕ್ ಲಿಂಗ್‌ನಿಂದ ಬಂದದ್ದೆಂದು ಹೇಳುವುದು ವಾಡಿಕೆ. ಆದರೆ ಅದರ ಪಟ್ಟುಗಳನ್ನು ವಿಂಗಡಿಸಿ ಹೆಸರಿಟ್ಟವನು ಆಮ್‌ಸ್ಟರ್‌ಡಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರ್. ಎಫ್ಲುರಾಜ್, ಪೆತ್ರಿಸಾಜ್, ಫ್ರಿಕ್ಷನ್, ತಪೋತ್‌ಮಾನ್ ಎಂಬ ಭಾರಿ ಫ್ರೆಂಚ್ ಪದಗಳು. ಹೆದರಬೇಕಾದ್ದಿಲ್ಲ. ನೀವುವುದು, ಹಿಸುಕುವುದು, ಉಜ್ಜುವುದು, ತಟ್ಟುವುದು, ಅಷ್ಟೆ. ನಮ್ಮ ಹಳೆಯ ಹತ್ತು ಪದಗಳಲ್ಲಿ ನಾಲ್ಕು! ಮೊದಲ ಸಲ ಹೋಗುವವರಿಗೆ, ಬರಿಯ ದಣಿವು ಕಳೆಯಬೇಕಾದವರಿಗೆ ಇದು ಸರಿ. ಡೀಪ್ ಟಿಶ್ಯೂ ಎಂದರೆ ಆಳಕ್ಕೆ ಅದುಮುವುದು. ಗರಡಿಯ ಕೈಯ ಹತ್ತಿರದ ನೆಂಟ. ಒಂದೇ ಜಾಗದಲ್ಲಿ ಗಂಟು ಬಿಗಿದಂತಿರುವ ಹೆಗಲಿಗೆ, ಆಟಗಾರರಿಗೆ ಅದು. ಥಾಯ್ ಪದ್ಧತಿಯಲ್ಲಿ ಎಣ್ಣೆಯೇ ಇಲ್ಲ. ಬಟ್ಟೆ ಉಟ್ಟೇ ನೆಲದ ಹಾಸಿನ ಮೇಲೆ ಮಲಗಬೇಕು. ಒತ್ತುವುದಕ್ಕಿಂತ ಎಳೆಯುವುದು, ಬಾಗಿಸುವುದು ಹೆಚ್ಚು. ಯೋಗಾಸನವನ್ನು ಇನ್ನೊಬ್ಬರು ಮಾಡಿಸಿದ ಹಾಗೆ. 2019ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಮೈ ಸೆಟೆದವರಿಗೆ ಹಿತ, ಬೆನ್ನಿನ ಡಿಸ್ಕ್ ಜಾರಿದವರಿಗೆ ಅಪಾಯ. ಶಿಯಾಟ್ಸು ಜಪಾನಿನದು, ಹೆಬ್ಬೆರಳಿನಿಂದ ಒತ್ತುವುದೇ ಪ್ರಧಾನ.

ಇವರೆಲ್ಲಾ ನಮಗೆ ಕಲಿಸಲು ಬಂದವರೆಂದು ಭಾವಿಸಬೇಕಾಗಿಲ್ಲ. ಪಾಟ್ನಾದಲ್ಲಿ 1759ರಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಕಂಪನಿ ಸೈನ್ಯದಲ್ಲಿದ್ದು, ಐರ್ಲೆಂಡಿಗೆ ಹೋಗಿ, 1810ರಲ್ಲಿ ಲಂಡನ್ನಿನಲ್ಲಿ ಊಟದ ಮನೆ ತೆರೆದು ಕೈಸುಟ್ಟುಕೊಂಡ. ಆಮೇಲೆ ಬ್ರೈಟನ್ನಿನ ಕಡಲ ದಂಡೆಯಲ್ಲಿ 1814ರ ಹೊತ್ತಿಗೆ ಹಬೆಸ್ನಾನ ಮತ್ತು ಅಂಗಮರ್ದನದ ಮನೆ ನಡೆಸಿದ. ಇಂಗ್ಲೆಂಡಿನ ದೊರೆ ನಾಲ್ಕನೆಯ ಜಾರ್ಜನಿಗೂ ಮೈ ಒತ್ತಿದ ಖ್ಯಾತಿ ಅವನದು. ಒತ್ತು ಎಂಬರ್ಥದ ಹಿಂದಿಯ 'ಚಾಂಪೋ' ಇಂಗ್ಲಿಷರ ಬಾಯಲ್ಲಿ ಶಾಂಪೂ ಆಯಿತು. ಮೈ ಒತ್ತುವ ಅರ್ಥ ಸವೆದುಹೋಗಿ, ಇವತ್ತು ನಮ್ಮ ಸಂತೆಗಳಲ್ಲಿ ಸ್ಯಾಷೆಯ ರೂಪದಲ್ಲಿ ತೂಗುತ್ತಿದೆ. ಸೀಗೆಕಾಯಿಯನ್ನು ಓಡಿಸಿದ್ದೂ ಅದೇ.

ಆಯುರ್ವೇದಿಕ್ ಎಂಬ ಹೆಸರಿನ ವಿಷಯದಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. ಪಿಳಿಚ್ಚಿಲ್, ಞವರಕ್ಕಿಳಿ ಮುಂತಾದ ಕೇರಳದ ಕ್ರಮಗಳು ಪಾರ್ಶ್ವವಾಯು, ಸಂಧಿವಾತಗಳಿಗೆಂದು ವೈದ್ಯರು ಹೇಳಿ, ದಿನಗಟ್ಟಲೆ ಪಥ್ಯದೊಂದಿಗೆ ಮಾಡಿಸುವ ಚಿಕಿತ್ಸೆಗಳು. ಅರ್ಧ ಗಂಟೆಯ ಮೋಜಿನಂತೆ ಅವನ್ನು ಮಾರುವುದು ಆಯುರ್ವೇದಕ್ಕೂ ಅನ್ಯಾಯ, ಗಿರಾಕಿಗೂ ಅನ್ಯಾಯ. ಕರ್ನಾಟಕಕ್ಕೆ ಇದರಲ್ಲಿ ತನ್ನದೇ ಶಿಕ್ಷಣ ಪರಂಪರೆ ಇದೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ಶುರುವಾದದ್ದು 1908ರಲ್ಲಿ. ಉಜಿರೆಯಲ್ಲಿ 1989ರಿಂದ ಪ್ರಕೃತಿ ಚಿಕಿತ್ಸೆಯ ಕಾಲೇಜೇ ಇದೆ. ಇಂಥ ಕಡೆ ಕಲಿತ ವೈದ್ಯರಿರುವ ಆಸ್ಪತ್ರೆಗೆ ಹೋದರೆ ಮೊದಲು ನಾಡಿ, ರಕ್ತದೊತ್ತಡ ನೋಡುತ್ತಾರೆ, ಆಮೇಲೆ ಕ್ಷೀರಬಲಾ ತೈಲವೋ ಮಹಾನಾರಾಯಣ ತೈಲವೋ ಎಂದು ತೀರ್ಮಾನಿಸುತ್ತಾರೆ. ನಮ್ಮ ತಾಲ್ಲೂಕಿನ ಸಿದ್ಧರಬೆಟ್ಟ ಮೂಲಿಕೆಗಳಿಗೆ ಹೆಸರಾದ ಬೆಟ್ಟ. ಬೆಟ್ಟದ ಹೆಸರು ಹೇಳಿ ಯಾರಾದರೂ ಎಣ್ಣೆ ಕೊಟ್ಟರೆ, ಅದರಲ್ಲಿ ಯಾವ ಗಿಡ ಹಾಕಿದೆ, ಯಾವ ಎಣ್ಣೆಯಲ್ಲಿ ಕಾಯಿಸಿದೆ ಎಂದು ಕೇಳುವುದರಲ್ಲಿ ಅಪಚಾರವೇನಿಲ್ಲ. ಬಲ್ಲವನು ಹೇಳುತ್ತಾನೆ.

ಇನ್ನು ಉಳುಕು, ಮೂಳೆ. ಬಿದ್ದು ಕೈಕಾಲು ಊದಿದಾಗ ಎಣ್ಣೆ ಹಾಕಿ ಉಜ್ಜುವುದು ನಮ್ಮಲ್ಲಿ ಮಹಾ ತಪ್ಪಾದ ರೂಢಿ. ಒಳಗೆ ಮೂಳೆ ಬಿರುಕು ಬಿಟ್ಟಿದ್ದರೆ ಉಜ್ಜಿದಷ್ಟೂ ತುದಿಗಳು ಸರಿದು ನರ, ರಕ್ತನಾಳಗಳನ್ನು ಕತ್ತರಿಸುತ್ತವೆ. ಮೂಳೆ ಕಟ್ಟಿಸಿಕೊಳ್ಳಲು ಪಾವಗಡದ ಕಡೆಯವರು ನೆನೆಯುವ ಪುತ್ತೂರು ಆಂಧ್ರದ್ದು, ದಕ್ಷಿಣ ಕನ್ನಡದ್ದಲ್ಲ. ಅಲ್ಲಿಯೂ ಹೆಸರಾದದ್ದು ಕಟ್ಟು, ತಿಕ್ಕುವುದಲ್ಲ. ಊದಿದ ಜಾಗಕ್ಕೆ ಮೊದಲ ಎರಡು ದಿನ ತಣ್ಣೀರು, ವಿಶ್ರಾಂತಿ, ಒಂದು ಎಕ್ಸ್-ರೇ. ತಿಕ್ಕುವ ಕಾಲ ವಾರಗಳ ಮೇಲೆ ಬರುತ್ತದೆ. ಸೊಂಟನೋವು ಕಾಲಿಗಿಳಿದು ಜೋಮು ಹಿಡಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಅದು ಮಾಲೀಷಿನ ನೋವಲ್ಲ. ಅದೇ ದಿನ ದೊಡ್ಡಾಸ್ಪತ್ರೆ.

ಕೊನೆಗೆ ಕ್ಷೌರದಂಗಡಿ. 1957ರ 'ಪ್ಯಾಸಾ' ಚಿತ್ರದಲ್ಲಿ ಜಾನಿ ವಾಕರ್ ತಲೆ ಮಾಲೀಷಿನವನಾಗಿ ದೇಶವನ್ನೆಲ್ಲಾ ನಗಿಸಿದ ಮೇಲೆ 'ಚಂಪಿ'ಗೆ ಒಂದು ಮೋಹಕ ವರ್ಚಸ್ಸು ಬಂತು. ತಲೆಗೆ ಎಣ್ಣೆ ಹಾಕಿ ತಟ್ಟುವುದು ಸುಖವೇ ಸರಿ, ಯಾರಿಗೂ ತೊಂದರೆಯಿಲ್ಲ. ಆದರೆ ಮುಗಿಸುವಾಗ ಗದ್ದ ಹಿಡಿದು ಕತ್ತನ್ನು ಲಟಕ್ಕನೆ ತಿರುಗಿಸುವ ಆ ಕಡೆಯ ಪಟ್ಟು ಇದೆಯಲ್ಲ, ಅದನ್ನು ಬೇಡವೆಂದು ಮೊದಲೇ ಹೇಳಿಬಿಡಬೇಕು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕತ್ತಿನಲ್ಲೇ ಹಾದುಹೋಗುತ್ತವೆ. ತಿರುಗಿಸಿದ ರಭಸಕ್ಕೆ ಒಳಪದರ ಹರಿದರೆ ಪಾರ್ಶ್ವವಾಯು ಬಡಿಯಬಹುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೇ ಆಯಿತೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ನೆಟಿಕೆ ಮುರಿದ ಸದ್ದಿಗೆ ಮೈ ಹಗುರವಾದಂತೆ ಅನ್ನಿಸುವುದು ನಿಜ. ಆ ಸದ್ದು ಕೀಲಿನ ದ್ರವದಲ್ಲಿ ಗುಳ್ಳೆಯಾಗುವುದರಿಂದ ಬರುವಂಥದ್ದು, ನೋವು ಹೋದ ಗುರುತಲ್ಲ. ಬೆರಳಿನ ನೆಟಿಕೆ ಎಷ್ಟು ಬೇಕಾದರೂ ಮುರಿಸಿಕೊಳ್ಳಿ.

ಯಾರ ಕೈಗೇ ಮೈ ಒಪ್ಪಿಸಿದರೂ ಅವರು ಕೆಲಸ ಶುರು ಮಾಡುವ ಮೊದಲು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ನೋವು ಎಲ್ಲಿ, ಯಾವಾಗಿನಿಂದ, ಬಿದ್ದಿದ್ದಿರಾ, ಬಿಪಿ, ಸಕ್ಕರೆ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ ಎಂದು ವಿಚಾರಿಸುವವರು ನಂಬಿಕೆಗೆ ಅರ್ಹರು. ಏನೂ ಕೇಳದೆ ಎಣ್ಣೆಯ ಬಟ್ಟಲು ಎತ್ತಿಕೊಳ್ಳುವವರ ಹತ್ತಿರ ನೀವೇ ಹೇಳಬೇಕು. ನೋವಾದಾಗ ಸಾಕು ಎನ್ನಲು ಸಂಕೋಚ ಬೇಡ. ಹೆಚ್ಚು ನೋಯಿಸಿದಷ್ಟೂ ಹೆಚ್ಚು ಗುಣ ಎಂಬುದು ಗರಡಿಯಲ್ಲಿ ಹುಡುಗರ ಕೆಚ್ಚು ಪರೀಕ್ಷಿಸಲು ಹುಟ್ಟಿದ ಮಾತಿರಬೇಕು. ಮಾರನೆಯ ದಿನ ತುಸು ನೋವಿದ್ದರೆ ಸಹಜ. ಮೂರನೆಯ ದಿನವೂ ಹೆಚ್ಚುತ್ತಿದ್ದರೆ, ಚರ್ಮ ಕಪ್ಪಾಗಿ ಕಂದಿದ್ದರೆ ಕೈ ತಪ್ಪಿದೆ ಎಂದರ್ಥ.

ಮನೆಯಲ್ಲೇ ಎಣ್ಣೆ ಹಚ್ಚುವವರಿಗೆ ಒಂದು ಸಣ್ಣ ಸೂಚನೆ. ಎಣ್ಣೆಯನ್ನು ನೇರವಾಗಿ ಒಲೆಯ ಮೇಲಿಡಬೇಡಿ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ನಿಮ್ಮ ಮೊಣಕೈಗೆ ಒಂದು ಹನಿ ಹಾಕಿ ನೋಡಿ. ಮುದುಕರಿಗೆ ಹಚ್ಚುವಾಗ ಪಾದವನ್ನು ಕಡೆಗೆ ಇಟ್ಟುಕೊಳ್ಳಿ, ಹಚ್ಚಿದ ಮೇಲೆ ಅಂಗಾಲನ್ನು ಬಟ್ಟೆಯಿಂದ ಒರೆಸಿಬಿಡಿ. ಬಚ್ಚಲಿಗೆ ಅವರನ್ನು ಕೈಹಿಡಿದು ಕರೆದೊಯ್ಯಿರಿ. ಎಣ್ಣೆಗಾಲಿನಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವುದು ಪ್ರತಿ ದೀಪಾವಳಿಗೂ ಎಲ್ಲಾದರೂ ಒಂದು ಮನೆಯಲ್ಲಿ ಇದ್ದದ್ದೇ.